ಪದಚರ್ಚೆ: ‘ಲೆಕ್ಕ ಒಪ್ಪಿಸು’ ಮತ್ತು ಲೆಕ್ಕಿಗ / ಲೆಕ್ಕಪರಿಶೋಧಕ

ಗೆಳೆಯರೇ,

ಕಾರವಾರದ ಸಹಕಾರಿ ಸಂಘವೊಂದರ ವಾರ್ಷಿಕ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಕೌಂಟೆಂಟ್, ಆಡಿಟರ್, ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ನಾಲ್ವರೂ ಒಂದೇ ಪುಟದಲ್ಲಿ ಬಂದಿದ್ದಾರೆ. ಹಿಂದಿನ ವರ್ಷಗಳ ವರದಿಯಲ್ಲಿ ನಾಲ್ವರಿಗೂ ‘ಲೆಕ್ಕಪರಿಶೋಧಕ’ ಎಂದೇ ಬರೆದಿದೆ. ಇದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಲೆಕ್ಕ ಬರೆಯುವವರು ಬೇರೆ, ಬರೆದದ್ದನ್ನು ಪರೀಕ್ಷಿಸುವವರು ಬೇರೆ. ತಾನು ಬರೆದ ಲೆಕ್ಕವನ್ನು ತಾನೇ ಪರಿಶೋಧಿಸಬಾರದು ಎಂಬುದು ಈ ವೃತ್ತಿಯ ಮೊದಲ ನಿಯಮ. ಪದವೇ ಎರಡನ್ನೂ ಕಲಸಿಬಿಟ್ಟರೆ ಸಂಘದ ಸದಸ್ಯರಿಗೆ ತಿಳಿಯುವುದು ಹೇಗೆ?

ಬರೆಯುವವರ ಹೆಸರಿಗೆ ನಮ್ಮಲ್ಲಿ ಬರವಿಲ್ಲ. ಶಾಸನಗಳ ಸೇನಬೋವನೇ ಶಾನುಭೋಗ. ನಮ್ಮ ಕರಾವಳಿಯಲ್ಲಿ ಆತ ಶಾನಭಾಗ ಎಂಬ ಅಡ್ಡಹೆಸರಾಗಿ ನಿಂತಿದ್ದಾನೆ. ಊರ ಲೆಕ್ಕದವರು ಕುಲಕರ್ಣಿ, ನಾಡಿನ ಲೆಕ್ಕದವರು ನಾಡಕರ್ಣಿ, ಪರಗಣೆಯ (ಹಲವು ಊರುಗಳ ಕಂದಾಯ ವಿಭಾಗದ) ಲೆಕ್ಕದವರು ದೇಶಪಾಂಡೆ. ಕಾರವಾರ, ಅಂಕೋಲೆ, ಹಳಿಯಾಳದ ಮತದಾರರ ಪಟ್ಟಿ ಓದುತ್ತ ಹೋದರೆ ಹಳೆಯ ಕಂದಾಯ ಕಚೇರಿಯ ಹಾಜರಿ ಕೂಗಿದಂತೆ ಕೇಳುತ್ತದೆ. 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ‘ಗ್ರಾಮ ಲೆಕ್ಕಿಗ’ರು ಬಂದರು. ಈಗ ಅವರೂ ‘ಗ್ರಾಮ ಆಡಳಿತಾಧಿಕಾರಿ’. ಹುದ್ದೆಯ ಹೆಸರಿನಿಂದ ಲೆಕ್ಕ ಎಂಬ ಮಾತೇ ಅಳಿಸಿಹೋದದ್ದು ನನಗೆ ನಿಜಕ್ಕೂ ಬೇಸರ.

ಕಿರ್ದಿ (ದಿನದಿನದ ಲೆಕ್ಕದ ಪುಸ್ತಕ), ಖತಾವಣಿ (ಖಾತೆವಾರು ಲೆಕ್ಕದ ಪುಸ್ತಕ), ಶಿಲ್ಕು (ಉಳಿದ ಹಣ) ಮರಾಠಿಯ ಬಳುವಳಿ. 1862ರಿಂದ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅವು ಗಟ್ಟಿಯಾಗಿ ಬೇರುಬಿಟ್ಟಿವೆ. ನಾನು ಅವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ‘ಕಡತ’ದ ಕಥೆ ಇನ್ನೂ ಚೆಂದ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕವದು. ಇವತ್ತು ಸರ್ಕಾರಿ ಫೈಲಿಗೆ ಆ ಹೆಸರು.

ಇನ್ನು ನನ್ನ ಮುಖ್ಯ ಪ್ರಶ್ನೆ. ಆಡಿಟ್ ಎಂಬುದರ ಮೂಲ ಲ್ಯಾಟಿನ್ನಿನ ‘ಕೇಳು’ ಎಂಬ ಧಾತು. ಲೆಕ್ಕವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೇಳಿ ಪರೀಕ್ಷಿಸುವುದು: ಹಳೆಯ ಯುರೋಪಿನ ಪದ್ಧತಿ ಅದು. ನಮ್ಮಲ್ಲಿ ‘ಲೆಕ್ಕ ಒಪ್ಪಿಸು’ ಎನ್ನುತ್ತೇವೆ. ಮಗ್ಗಿ ಒಪ್ಪಿಸುವುದೂ ಒಪ್ಪಿಸುವುದೇ, ಬೀಗದ ಕೈ ಒಪ್ಪಿಸುವುದೂ ಒಪ್ಪಿಸುವುದೇ. ಅಂಕೋಲೆ ಕಡೆಯ ನಮ್ಮೂರಿನಲ್ಲಿ ಬಂಡಿಹಬ್ಬ ಮುಗಿದ ಮೇಲೆ ಹಿರಿಯರೊಬ್ಬರು ದೇವಸ್ಥಾನದ ಪೌಳಿಯಲ್ಲಿ ಕೂತು ಜಮಾಖರ್ಚು ಓದುತ್ತಿದ್ದರು: ಎಣ್ಣೆಗೆ ಇಷ್ಟು, ವಾಲಗದವರಿಗೆ ಇಷ್ಟು. ಊರವರು ನಡುವೆ ತಡೆದು ಕೇಳುತ್ತಿದ್ದರು. ಕೊನೆಗೆ ‘ಶಿಲ್ಕು ಇಷ್ಟು’ ಎಂದು ದುಡ್ಡನ್ನು ಮುಂದಿಟ್ಟ ಮೇಲೇ ಎಲ್ಲರೂ ಏಳುತ್ತಿದ್ದದ್ದು. ಓದಿ ಹೇಳುವುದು, ದುಡ್ಡು ವಹಿಸಿಕೊಡುವುದು, ಕೇಳಿದವರು ಒಪ್ಪುವುದು ಮೂರನ್ನೂ ಆ ಒಂದೇ ಕ್ರಿಯಾಪದ ಹಿಡಿದಿಟ್ಟುಕೊಂಡಿದೆ. ಹಾಗಾದರೆ ಒಪ್ಪಿಸಿಕೊಳ್ಳುವವರಿಗೆ, ಅಂದರೆ ಕೇಳಿ ತಾಳೆ ನೋಡುವವರಿಗೆ, ನಿಮ್ಮ ಕಡೆ ಬಳಕೆಯಲ್ಲಿ ಹೆಸರೊಂದು ಇದೆಯೇ? ಶಿರಸಿ, ಸಿದ್ದಾಪುರದ ಅಡಿಕೆ ವಖಾರಿಗಳಲ್ಲಿ (ದಾಸ್ತಾನು ಮಳಿಗೆಗಳಲ್ಲಿ) ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ಇಷ್ಟು. ಅಕೌಂಟೆಂಟ್‌ಗೆ ‘ಲೆಕ್ಕಿಗ’. ಆಡಿಟರ್‌ಗೆ ಮಾತ್ರ ‘ಲೆಕ್ಕಪರಿಶೋಧಕ’. ಚಾರ್ಟರ್ಡ್ ಅಕೌಂಟೆಂಟ್‌ಗೆ ‘ಸನದು ಲೆಕ್ಕಿಗ’: 1854ರಲ್ಲಿ ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ಸಿಕ್ಕ ರಾಜಸನದಿನಿಂದ, ಅಂದರೆ ಅರಸೊತ್ತಿಗೆಯ ಅಧಿಕಾರಪತ್ರದಿಂದ, ಬಂದ ಹೆಸರು ಅದು, ನಮ್ಮಲ್ಲಿ 1949ರ ಕಾಯ್ದೆ ಅದನ್ನೇ ಮುಂದುವರಿಸಿತು. 1959ರಲ್ಲಿ ಪ್ರತ್ಯೇಕ ಕಾಯ್ದೆ ಪಡೆದ ಕಾಸ್ಟ್ ಅಕೌಂಟೆಂಟ್, ಅಂದರೆ ವಸ್ತುವೊಂದು ತಯಾರಾಗಲು ಎಷ್ಟು ತಗಲುತ್ತದೆಂದು ಲೆಕ್ಕ ಹಾಕುವವರ, ವಿಷಯದಲ್ಲೇ ತೊಡಕು. ‘ವೆಚ್ಚ ಲೆಕ್ಕಿಗ’ ಎಂದರೆ ಖರ್ಚು ಬರೆದಿಡುವವರು ಎಂದಷ್ಟೇ ಕೇಳಿಸುತ್ತದೆ. ಅಂಗಡಿಯವರು ‘ನಮಗೇ ಇಷ್ಟಕ್ಕೆ ಬೀಳ್ತದೆ’ ಎನ್ನುತ್ತಾರಲ್ಲ, ಆ ‘ಬೀಳುವ ಬೆಲೆ’ಯನ್ನು ಹಿಡಿಯುವ ಪದ ಬೇಕು. ಯಾರಿಗಾದರೂ ಹೊಳೆದರೆ ಈ ವಾರದೊಳಗೆ ತಿಳಿಸಿ, ವರದಿ ಅಚ್ಚಿಗೆ ಹೋಗುವುದರೊಳಗೆ ಸೇರಿಸುತ್ತೇನೆ.