ಪ್ರೋಲಿನ್‌ಗೆ ದಪ್ಪ ಗುಂಪು ಹಾಕಿದೆ, ಇಇ ಏರಲಿಲ್ಲ, ನೆಲ ಕಚ್ಚಿತು. ತಪ್ಪಿದ್ದು ಎಲ್ಲಿ?

ಕೊನೆಬೆಂಚು:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್ ಹಳೆಯದೇ: ಅಸಿಟೋನ್, 4-ನೈಟ್ರೋಬೆಂಜಾಲ್ಡಿಹೈಡ್, ಕೆಟಲಿಸ್ಟ್ (ರಿಯಾಕ್ಷನ್ ಓಡಿಸುವ ವಸ್ತು) ಆಗಿ ಎಲ್-ಪ್ರೋಲಿನ್ ಅನ್ನುವ ಅಮೈನೋ ಆಮ್ಲ, ಸಾಲ್ವೆಂಟ್ ಆಗಿ ಡಿಎಂಎಸ್‌ಒ. ಅಸಿಟೋನ್ ಮತ್ತು ಆಲ್ಡಿಹೈಡ್ ಜೋಡಿಸುವ ಆಲ್ಡಾಲ್ ರಿಯಾಕ್ಷನ್. 2000ದಲ್ಲಿ ಲಿಸ್ಟ್, ಲರ್ನರ್, ಬಾರ್ಬಾಸ್ ಮೂವರು ಇದನ್ನು ಮಾಡಿದಾಗ 68% ಇಳುವರಿ, 76% ಇಇ ಬಂದಿತ್ತು (ಇಇ ಅಂದರೆ ಎಡಗೈ-ಬಲಗೈಯಂತೆ ಕನ್ನಡಿ ಪ್ರತಿಬಿಂಬವಾದ ಎರಡು ರೂಪಗಳಲ್ಲಿ, ಅಂದರೆ ಎನಾನ್ಷಿಯೋಮರ್‌ಗಳಲ್ಲಿ, ಒಂದು ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅನ್ನುವ ಲೆಕ್ಕ). ನನಗೆ 71% ಇಇ ಬಂತು. ಮೊದಲ ಸಲಕ್ಕೆ ಇಷ್ಟು ಸಾಕು ಅಂತ ಖುಷಿಪಟ್ಟೆ.

ಆಮೇಲೆ ಗೈಡ್ ಅಂದರು, "ಇದನ್ನು ಊರೆಲ್ಲ ಮಾಡಿದೆ, ನೀನೇ ಒಂದು ಕೆಟಲಿಸ್ಟ್ ಡಿಸೈನ್ ಮಾಡು." ಸರಿ ಅಂತ ಹಾಳೆಯ ಮೇಲೆ ಪ್ರೋಲಿನ್ ಬರೆದುಕೊಂಡು ಕೂತೆ. ಒಂದು ಪಕ್ಕ ದೊಡ್ಡ ಗುಂಪು ಕೂರಿಸಿದರೆ ಆ ಪಕ್ಕ ಮುಚ್ಚಿಹೋಗುತ್ತೆ, ಆಲ್ಡಿಹೈಡ್ ಇನ್ನೊಂದು ಪಕ್ಕದಿಂದಲೇ ಬರಬೇಕಾಗುತ್ತೆ, ಆಗ ಇಇ ಏರಲೇಬೇಕು, ಅಲ್ವಾ? ಹಾಗಂತ ಪ್ರೋಲಿನ್‌ನ ಆಮ್ಲದ ತುದಿಗೆ ಗುಂಪು ಸೇರಿಸಿ ಮೊದಲು ಮೀಥೈಲ್ ಎಸ್ಟರ್ ಮಾಡಿದೆ, ಆಮೇಲೆ ಟರ್ಟ್-ಬ್ಯುಟೈಲ್ ಎಸ್ಟರ್. ಡಿಎಂಎಸ್‌ಒದಲ್ಲಿ ಎರಡೂ ಚೆನ್ನಾಗಿ ಕರಗಿದವು. ಪ್ರೋಲಿನ್ ಹಾಗಲ್ಲ, ಅದು ತಳದಲ್ಲೇ ಕೂತಿರುತ್ತೆ. ಆದರೆ ಐದು ದಿನ ಕಲಕಿದರೂ ಆಲ್ಡಿಹೈಡ್ ಹಾಗೇ ಇದೆ. ಮೀಥೈಲ್ ಎಸ್ಟರ್‌ನಲ್ಲಿ ಸಿಕ್ಕಿದ ಚೂರುಪಾರು ಪ್ರಾಡಕ್ಟ್‌ನ ಇಇ 4%. ಇನ್ನೊಂದರದ್ದು 6%. ಅಂದರೆ ಎಡಗೈ ಅಣು, ಬಲಗೈ ಅಣು ಹೆಚ್ಚುಕಡಿಮೆ ಅರ್ಧರ್ಧ.

ಹಾಗಾದರೆ ಡಿಸೈನ್ ಅನ್ನುವುದು ಏನು? ನಿಜವಾಗಿ ಮಾಡುವವರು ಎಲ್ಲಿಂದ ಶುರು ಮಾಡುತ್ತಾರೆ? ಇನ್ನು ಎರಡು ತಿಂಗಳು ಇದೆ.

ಹುಣಸೆಕಟ್ಟೆ:

ತಮ್ಮಾ, ನೀನು ಅದರ ಕೈಯನ್ನೇ ಕತ್ತರಿಸಿದ್ದೀಯ.

ಪ್ರೋಲಿನ್ ಕೆಲಸ ಮಾಡುವುದನ್ನು ನಿಧಾನವಾಗಿ ನೋಡು. ಅದರ ಸಾರಜನಕ ಅಸಿಟೋನ್‌ಗೆ ಅಂಟಿಕೊಳ್ಳುತ್ತೆ, ನೀರು ಹೋಗುತ್ತೆ, ಇನಾಮಿನ್ ಅನ್ನುವ ಮಧ್ಯಂತರ ಅಣು ಆಗುತ್ತೆ. ಈಗ ಆಲ್ಡಿಹೈಡ್ ಹತ್ತಿರ ಬರುತ್ತೆ. ಆಗ ಪಕ್ಕದಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲದ ಹೈಡ್ರೋಜನ್ ಆ ಆಲ್ಡಿಹೈಡ್‌ನ ಆಮ್ಲಜನಕವನ್ನು ಹಿಡಿದುಕೊಳ್ಳುತ್ತೆ. ಮಗುವನ್ನು ಕೈಹಿಡಿದು ಬಾಗಿಲ ಈ ಕಡೆಯಿಂದಲೇ ಒಳಗೆ ಕರೆದುಕೊಂಡು ಬಂದ ಹಾಗೆ. ಹಿಡಿದ ಕೈ ಯಾವ ಪಕ್ಕ ಇದೆಯೋ ಆ ಪಕ್ಕದಿಂದಲೇ ಬಂಧ ಆಗಬೇಕು. ಜೊತೆಗೆ ಹಿಡಿದುಕೊಂಡಾಗ ಆಲ್ಡಿಹೈಡ್ ಚುರುಕಾಗುತ್ತೆ, ಅಂದರೆ ವೇಗವನ್ನು ಕೊಡುವುದೂ ಅದೇ ಹೈಡ್ರೋಜನ್. ಎಸ್ಟರ್ ಮಾಡಿದಾಗ ಆ ಹೈಡ್ರೋಜನ್ ಹೋಯಿತು. ಹೀಗಾಗಿ ರಿಯಾಕ್ಷನ್ ನಿಧಾನವಾಗಿದ್ದಕ್ಕೂ ಇಇ ಬಿದ್ದಿದ್ದಕ್ಕೂ ಕಾರಣ ಒಂದೇ. ಲಿಸ್ಟ್ ಅವರ ಮೊದಲ ಪೇಪರಿನ ಪಟ್ಟಿಯನ್ನೇ ನೋಡು. ಆಮ್ಲದ ಜಾಗದಲ್ಲಿ ಅಮೈಡ್ ಇರುವ ಪ್ರೋಲಿನಮೈಡ್ 10% ಇಳುವರಿಯನ್ನೂ ಮುಟ್ಟಿಲ್ಲ.

ನೀನು ಅಂದುಕೊಂಡ ಹಾಗೆ ಮುಚ್ಚಿ ಗೆಲ್ಲುವ ಕೆಟಲಿಸ್ಟ್‌ಗಳೂ ಇವೆ, ಆ ಯೋಚನೆ ತಪ್ಪಲ್ಲ. 2005ರಲ್ಲಿ ಯೋರ್ಗೆನ್ಸನ್ ಮತ್ತು ಹಯಾಶಿ ಬೇರೆ ಬೇರೆಯಾಗಿ ತಂದ ಡೈಅರೈಲ್‌ಪ್ರೋಲಿನಾಲ್ ಸಿಲೈಲ್ ಈಥರ್ ಹಾಗೇ ನಡೆಯುತ್ತೆ. ಅದರಲ್ಲಿ ಹಿಡಿಯುವ ಕೈ ಇಲ್ಲ, ಎರಡು ಅರೈಲ್ ಉಂಗುರ, ಒಂದು ಸಿಲೈಲ್ ಸೇರಿ ಗೋಡೆಯೇ ಎದ್ದಿರುತ್ತೆ. ತಮಾಷೆ ಏನಂದರೆ ಎರಡೂ ಎಲ್-ಪ್ರೋಲಿನ್‌ನಿಂದಲೇ ಹುಟ್ಟಿದ್ದರೂ ಒಂದು ಇನಾಮಿನ್‌ನ ಒಂದು ಮುಖಕ್ಕೆ ಕಳಿಸುತ್ತೆ, ಇನ್ನೊಂದು ಎದುರು ಮುಖಕ್ಕೆ. ನಿನ್ನ ಎಸ್ಟರ್‌ನಲ್ಲಿ ಕೈಯೂ ಇಲ್ಲ, ಗೋಡೆ ಅನ್ನುವಷ್ಟು ಗೋಡೆಯೂ ಇಲ್ಲ.

ಇನ್ನೊಂದು ಲೆಕ್ಕ ಹಾಕಿಕೋ. 76% ಇಇ ಅಂದರೆ 88ಕ್ಕೆ 12. ಕೋಣೆಯ ತಾಪಮಾನದಲ್ಲಿ ಇದಕ್ಕೆ ಎರಡು ದಾರಿಗಳ ನಡುವೆ ಮೋಲ್‌ಗೆ ಸುಮಾರು 1.2 ಕಿಲೋಕ್ಯಾಲೊರಿ ಶಕ್ತಿಯ ವ್ಯತ್ಯಾಸ ಸಾಕು. 99% ಇಇ ಬೇಕಂದರೆ ಸುಮಾರು 3.1. ಈಥೇನ್‌ನಲ್ಲಿ ಒಂದು ಮೀಥೈಲ್ ತಿರುಗಿಸುವುದಕ್ಕೇ 2.9 ಬೇಕು! ನಾವು ತಲೆ ಕೆಡಿಸಿಕೊಳ್ಳುವುದೆಲ್ಲ ಇಷ್ಟು ಸಣ್ಣ ಅಂತರಕ್ಕೆ. ಅದಕ್ಕೇ ಕೆಟಲಿಸ್ಟ್ ಅಣುವನ್ನೊಂದೇ ಬರೆದುಕೊಂಡು ನೋಡಬೇಡ, ಏನೂ ತಿಳಿಯಲ್ಲ. ಗೆಲ್ಲುವ ಟ್ರಾನ್ಸಿಷನ್ ಸ್ಟೇಟ್ (ಬಂಧ ಆಗುವ ಹೊತ್ತಿನ, ಶಕ್ತಿ ಅತಿ ಹೆಚ್ಚಿರುವ ಸ್ಥಿತಿ), ಸೋಲುವ ಟ್ರಾನ್ಸಿಷನ್ ಸ್ಟೇಟ್ ಎರಡನ್ನೂ ಪಕ್ಕಪಕ್ಕ ಬರೆ. ಸೋಲುವುದಕ್ಕೆ ಮಾತ್ರ ಎಲ್ಲಿ ತೊಂದರೆ ಕೊಡಬಹುದು ಅಂತ ಹುಡುಕು.

ಟಿಎಲ್‌ಸಿ ತಾಯಮ್ಮ:

ಡಿಸೈನ್ ಆಮೇಲೆ. ಮೊದಲು ಮೂರು ವಿಷಯ ಹೇಳು ಮಗಾ.

ಮೀಥೈಲ್ ಎಸ್ಟರ್ ಹೈಡ್ರೋಕ್ಲೋರೈಡ್ ಲವಣ ಆಗಿತ್ತಾ, ಅದರಿಂದ ಎಸ್ಟರ್ ಬಿಡಿಸಿಕೊಂಡಿದ್ದೆಯಾ? ಬಿಡಿಸಿಕೊಂಡ ಮೇಲೆ ಎಷ್ಟು ದಿನ ಇಟ್ಟಿದ್ದೆ? ಅಮೈನೋ ಆಮ್ಲದ ಮೀಥೈಲ್ ಎಸ್ಟರ್ ಸುಮ್ನೆ ಕೂರಲ್ಲ, ಎರಡೆರಡು ಸೇರಿ ಮೆಥನಾಲ್ ಕಳೆದುಕೊಂಡು ಡೈಕೀಟೋಪೈಪರಜೀನ್ ಆಗುತ್ತೆ. ಪ್ರೋಲಿನ್‌ನದ್ದಂತೂ ಇನ್ನೂ ಅವಸರದ್ದು. ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 130 ಬರಬೇಕಾದ ಕಡೆ 195 ಇದೆಯಾ ನೋಡು.

ಎರಡನೆಯದು, ಎಡಗೈ-ಬಲಗೈ ರೂಪಗಳನ್ನು ಬೇರ್ಪಡಿಸುವ ಚೈರಲ್ ಕಾಲಂಗೆ ಹಾಕುವಾಗ ಹೋಲಿಸುವುದಕ್ಕೆ ಎರಡೂ ಅರ್ಧರ್ಧ ಇರುವ ರೆಸಿಮಿಕ್ ಮಾಡಿಕೊಂಡಿದ್ದೆಯಾ? ಡಿಎಲ್-ಪ್ರೋಲಿನ್ ಹಾಕಿ ಇದೇ ರಿಯಾಕ್ಷನ್ ಮಾಡಿದರೆ ಮುಗಿಯಿತು. ಇಲ್ಲದಿದ್ದರೆ ಯಾವುದೋ ಕಲ್ಮಶದ ಪೀಕ್ ನೋಡಿ ಇದೇ ಎರಡನೇ ಎನಾನ್ಷಿಯೋಮರ್ ಅಂತ ಲೆಕ್ಕ ಹಾಕುತ್ತೀಯ. ಈ ಆಲ್ಡಾಲ್ ನೀರು ಬಿಟ್ಟು ಈನೋನ್ ಕೂಡ ಆಗುತ್ತೆ, ಅದೂ ಯುವಿಯಲ್ಲಿ ಜೋರಾಗಿ ಕಾಣುತ್ತೆ.

ಮೂರನೆಯದು, ಸ್ಯಾಂಪಲ್ ಎಲ್ಲಿಂದ ತೆಗೆದೆ? ನನ್ನ ಕಥೆ ಕೇಳು. ಪಿಎಚ್‌ಡಿ ಎರಡನೇ ವರ್ಷ, ಒಂದು ಹೊಸ ಕೆಟಲಿಸ್ಟ್‌ಗೆ 94% ಇಇ ಬಂತು ಅಂತ ಲ್ಯಾಬಿಗೆಲ್ಲ ಹೋಳಿಗೆ ತಂದು ಹಂಚಿದ್ದೆ. ಮೂರು ಸಲ ಮತ್ತೆ ಮಾಡಿದರೂ 70 ದಾಟಲಿಲ್ಲ. ಕೊನೆಗೆ ನೋಟ್‌ಬುಕ್ ತಿರುವಿ ಹಾಕಿದಾಗ ಗೊತ್ತಾಯಿತು, ಮೊದಲ ಸಲ ಪ್ರಾಡಕ್ಟ್ ರಾತ್ರಿ ಫ್ರಿಜ್‌ನಲ್ಲಿ ಹರಳುಗಟ್ಟಿತ್ತು, ನಾನು ಮೇಲಿನ ಚಂದದ ಹರಳು ನಾಲ್ಕು ಎತ್ತಿ ಕಳಿಸಿದ್ದೆ. ಹರಳುಗಟ್ಟುವಾಗಲೇ ಇಇ ಬದಲಾಗುತ್ತೆ. ಕೆಲವು ಅಣುಗಳಲ್ಲಿ ಉಲ್ಟಾ, ಹರಳಿನಲ್ಲಿ ಕಡಿಮೆಯಾಗಿ ಮದರ್ ಲಿಕರ್‌ನಲ್ಲಿ (ಹರಳು ತೆಗೆದ ಮೇಲೆ ಉಳಿದ ದ್ರಾವಣ) ಜಾಸ್ತಿಯಾಗುತ್ತೆ. ಕಾಲಂ ಆದ ಮೇಲೆ ಎಲ್ಲ ಫ್ರಾಕ್ಷನ್ ಸೇರಿಸಿ, ಕಲಕಿ, ಅದರಿಂದ ತೆಗೆ.

ಕೊನೆಬೆಂಚು:

ಅಕ್ಕಾ, 195 ಇತ್ತು. ಕಸ ಅಂದುಕೊಂಡು ಬಿಟ್ಟಿದ್ದೆ. ಬಿಡಿಸಿದ ಎಸ್ಟರ್ ಶುಕ್ರವಾರದಿಂದ ಬುಧವಾರದವರೆಗೆ ಫ್ರಿಜ್‌ನಲ್ಲಿತ್ತು. ಅಂದರೆ ಮೀಥೈಲ್ ಎಸ್ಟರ್ ಕೆಟಲಿಸ್ಟ್ ಅನ್ನು ನಾನು ನೆಟ್ಟಗೆ ಪರೀಕ್ಷೆಯೇ ಮಾಡಿಲ್ಲ. ರೆಸಿಮಿಕ್ ಮಾಡಿದ್ದೆ, ಅದು ಸರಿ ಇದೆ. ಚೈರಲ್ ಕಾಲಂ ನಮ್ಮಲ್ಲಿ ಇಲ್ಲ, ಹೊರಗೆ ಕಳಿಸಬೇಕು, ಒಂದು ಸ್ಯಾಂಪಲ್‌ಗೆ ಹತ್ತು ದಿನ ಕಾಯಬೇಕು.

ಲೆಕ್ಕದ ಹುಡುಗ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೆಲ್ಲ ಕಂಪ್ಯೂಟರ್‌ನಲ್ಲಿ ಮೊದಲೇ ನೋಡಲು ಆಗಲ್ವಾ? ತಣ್ಣಗೆ ಮಾಡಿದರೂ ಇಇ ಏರಬೇಕಲ್ಲ?

ಹುಣಸೆಕಟ್ಟೆ:

ಆಗುತ್ತೆ, ಈ ರಿಯಾಕ್ಷನ್ ವಿಷಯದಲ್ಲೇ ಆಗಿದೆ. 2003ರಲ್ಲಿ ಹೌಕ್ ಮತ್ತು ಲಿಸ್ಟ್ ಅವರ ಗುಂಪುಗಳು ಪ್ರೋಲಿನ್ ಆಲ್ಡಾಲ್‌ಗಳ ಇಇ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿ, ಪ್ರಯೋಗದ ಜೊತೆ ಹೋಲಿಸಿದರು. ಚೆನ್ನಾಗಿಯೇ ಹೊಂದಿತು. ಆದರೆ ಲೆಕ್ಕದಲ್ಲಿ ಒಂದು ಕಿಲೋಕ್ಯಾಲೊರಿ ಆಚೀಚೆ ಆಗುವುದು ಸಾಮಾನ್ಯ, ನಮಗೆ ಬೇಕಿರುವ ವ್ಯತ್ಯಾಸವೂ ಅಷ್ಟೇ. ಎರಡು ಟ್ರಾನ್ಸಿಷನ್ ಸ್ಟೇಟ್‌ಗಳು ಒಂದೇ ತರಹ ಇದ್ದು, ತಪ್ಪು ಎರಡರಲ್ಲೂ ಒಂದೇ ಕಡೆ ಹೋದಾಗ ಬಚಾವ್. ಯಾವುದು ಬೇಡ ಅಂತ ತೆಗೆದುಹಾಕಲು ಇದು ಬಹಳ ಒಳ್ಳೆಯ ಸಾಧನ.

ತಣ್ಣಗೆ ಮಾಡಿದರೆ, ಆ 1.2 ಹಾಗೇ ಉಳಿಯುತ್ತೆ ಅಂದುಕೊಂಡರೂ ಮೈನಸ್ 20ರಲ್ಲಿ 76 ಇದ್ದದ್ದು 83ರ ಹತ್ತಿರ ಹೋಗುತ್ತೆ, ಅಷ್ಟೇ. ಕಾಯುವ ದಿನಗಳು ಎಷ್ಟಾಗುತ್ತವೆ ಅನ್ನುವುದು ಬೇರೆ ಮಾತು.

ಟಿಎಲ್‌ಸಿ ತಾಯಮ್ಮ:

ಮೈನಸ್ 20ರಲ್ಲಿ ಡಿಎಂಎಸ್‌ಒನಾ? ಅದು 18.5 ಡಿಗ್ರಿಗೇ ಗಡ್ಡೆಯಾಗುತ್ತೆ, ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಬಾಟಲಿಯಲ್ಲೇ ಕೂತಿರುತ್ತೆ. ಅಸಿಟೋನ್ ಬೆರೆಸಿದರೆ ಸ್ವಲ್ಪ ತಡೆದುಕೊಳ್ಳುತ್ತೆ, ಆದರೂ ಅಷ್ಟು ಕೆಳಗೆ ಇಳಿಸುವ ಆಸೆ ಇದ್ದರೆ ಸಾಲ್ವೆಂಟ್ ಬದಲಿಸಿ.

ಬಾಸೆಲ್ ಬಡಗಿ:

ತಡವಾಗಿ ನೋಡಿದೆ. ಕಾರ್ಖಾನೆ ಕಡೆಯಿಂದ ಎರಡು ಮಾತು.

ಒಂದೇ ಏಟಿಗೆ 99 ಹೊಡೆಯಬೇಕು ಅನ್ನುವುದನ್ನು ತಲೆಯಿಂದ ತೆಗೆದುಹಾಕು. ಮೊನ್ಸಾಂಟೊದಲ್ಲಿ ನೋಲ್ಸ್ 1968ರಲ್ಲಿ ಚೈರಲ್ ಫಾಸ್ಫಿನ್ ಹಾಕಿದ ರೋಡಿಯಂನಿಂದ ಹೈಡ್ರೋಜನೇಷನ್ ಮಾಡಿದಾಗ ಬಂದದ್ದು ಬರೀ 15% ಇಇ. ಯಾರಿಗೂ ಉಪಯೋಗ ಇಲ್ಲದ ಸಂಖ್ಯೆ, ಆದರೆ ಸೊನ್ನೆ ಅಲ್ಲ. ಫಾಸ್ಫಿನ್ ಮೇಲಿನ ಗುಂಪು ಬದಲಿಸುತ್ತಾ ಹೋದರು, 88ಕ್ಕೆ ಬಂದರು, ಆಮೇಲೆ ಅಂಥ ಎರಡನ್ನು ಸೇರಿಸಿ ಡೈಪ್ಯಾಂಪ್ ಅನ್ನುವ ಜೋಡಿ ಫಾಸ್ಫಿನ್ ಮಾಡಿ 95 ಮುಟ್ಟಿದರು. ಪಾರ್ಕಿನ್ಸನ್ ಕಾಯಿಲೆಯ ಎಲ್-ಡೋಪಾ ಹಾಗೆ ತಯಾರಾಯಿತು, 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಲಿಸ್ಟ್ ಮತ್ತು ಮ್ಯಾಕ್‌ಮಿಲನ್ ಅವರಿಗೆ 2021ರಲ್ಲಿ.

ಇನ್ನು ಮೆಟೊಲಾಕ್ಲೋರ್ ಅನ್ನುವ ಕಳೆನಾಶಕ. 1996ರಿಂದ ಇರಿಡಿಯಂ ಮತ್ತು ಜೈಲಿಫಾಸ್ ಅನ್ನುವ ಫೆರೊಸೀನ್ ಲಿಗಾಂಡ್ (ಲೋಹಕ್ಕೆ ಅಂಟಿಕೊಳ್ಳುವ ಅಣು) ಬಳಸಿ ಮಾಡುತ್ತಿದ್ದಾರೆ, ವರ್ಷಕ್ಕೆ 10,000 ಟನ್‌ಗಿಂತ ಜಾಸ್ತಿ. ಇಇ ಎಷ್ಟು ಗೊತ್ತಾ? 80ರ ಆಸುಪಾಸು. ಕಳೆ ಸಾಯಿಸಲು ಅಷ್ಟು ಸಾಕು. ಅಲ್ಲಿ ನಿಜವಾದ ಕಷ್ಟ ಇದ್ದದ್ದು ಒಂದು ಇರಿಡಿಯಂ ಲಕ್ಷಗಟ್ಟಲೆ ಸಲ ದುಡಿಯಬೇಕು ಅನ್ನುವುದರಲ್ಲಿ, ಅದನ್ನು ದಾಟಿಸಿದ್ದು ಲಿಗಾಂಡ್ ಜೊತೆ ಸ್ವಲ್ಪ ಆಮ್ಲ, ಸ್ವಲ್ಪ ಅಯೋಡೈಡ್. ಆ ಲಿಗಾಂಡ್ ಕುಟುಂಬಕ್ಕೆ ಜೋಸಿಫಾಸ್ ಅಂತ ಹೆಸರು ಬಂದದ್ದು ಮೊದಲ ಸಲ ಅದನ್ನು ಮಾಡಿದ ಟೆಕ್ನೀಷಿಯನ್ ಜೋಸಿ ಪುಲಿಯೋ ಅವರಿಂದ. ಪ್ರೊಫೆಸರ್ ಹೆಸರಿಡದ ಲಿಗಾಂಡ್ ಅಂದರೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಎಲ್ಲಿಂದ ಶುರು ಅಂತ ಕೇಳಿದ್ದೆಯಲ್ಲ, ಹೆಚ್ಚಿನವರು ಅಗ್ಗವಾಗಿ ಸಿಗುವ ಚೈರಲ್ ವಸ್ತುವಿನಿಂದ ಶುರು ಮಾಡುತ್ತಾರೆ. ನಮ್ಮ ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿ ಇದೆಯಲ್ಲ, ಅದೇ ಟಾರ್ಟಾರಿಕ್ ಆಮ್ಲದಿಂದ ಕಗಾನ್ 1971ರಲ್ಲಿ ಡಯಾಪ್ ಅನ್ನುವ ಲಿಗಾಂಡ್ ಮಾಡಿದರು, ಅದರ ಎಸ್ಟರ್ ಮತ್ತು ಟೈಟೇನಿಯಂ ಸೇರಿಸಿ ಶಾರ್ಪ್‌ಲೆಸ್ 1980ರಲ್ಲಿ ಎಪಾಕ್ಸಿಡೇಷನ್ ಮಾಡಿದರು. ಡಯಾಪ್‌ನ ಎರಡು ಅರ್ಧಗಳೂ ಒಂದೇ ತರಹ, ತಿರುಗಿಸಿದರೆ ಹಾಗೇ ಕೂರುತ್ತೆ. ಹೀಗಿದ್ದರೆ ಪೈಪೋಟಿಗೆ ಇಳಿಯುವ ಟ್ರಾನ್ಸಿಷನ್ ಸ್ಟೇಟ್‌ಗಳ ಸಂಖ್ಯೆಯೇ ಕಡಿಮೆಯಾಗುತ್ತೆ.

ಹುಣಸೆಕಟ್ಟೆ:

ನನ್ನ ಹೆಸರಿಗೆ ಈಗ ಬೆಲೆ ಬಂತು.

ಕೊನೆಬೆಂಚು, ನಿನಗೆ ಎರಡು ತಿಂಗಳಿಗೆ ಹೊಂದುವ ಕೆಲಸ ಹೇಳುತ್ತೇನೆ. ಕೈ ಕತ್ತರಿಸುವ ಬದಲು ಇನ್ನೊಂದು ಕೈ ಸೇರಿಸು. ಪ್ರೋಲಿನ್‌ನ ಆಮ್ಲವನ್ನು ಒಂದು ಅಮೈನೋ ಆಲ್ಕೋಹಾಲ್ ಜೊತೆ ಅಮೈಡ್ ಮಾಡಿದರೆ ಅಮೈಡ್‌ನ ಎನ್‌ಎಚ್ ಒಂದು, ಆಲ್ಕೋಹಾಲ್‌ನ ಒಎಚ್ ಒಂದು, ಎರಡೂ ಆಲ್ಡಿಹೈಡ್ ಹಿಡಿಯುತ್ತವೆ. ಬರೀ ಪ್ರೋಲಿನಮೈಡ್ ಸೋತದ್ದು ಇದಕ್ಕೇ, ಅದರ ಒಂದು ಕೈಯ ಹಿಡಿತ ಸಡಿಲ. ಐಐಟಿ ಕಾನ್ಪುರದಲ್ಲಿ ವಿನೋದ್ ಕೆ. ಸಿಂಗ್ ಅವರ ಗುಂಪು ಡೈಫಿನೈಲ್ ಅಮೈನೋ ಆಲ್ಕೋಹಾಲ್ ಬಳಸಿ ಇದನ್ನೇ ಉಪ್ಪುನೀರಿನಲ್ಲಿ ಮಾಡಿ 99ರ ಮಟ್ಟದ ಇಇ ತೋರಿಸಿದೆ. ದಪ್ಪ ಗುಂಪು ಹಾಕುವ ನಿನ್ನ ಆಸೆಯೂ ತೀರುತ್ತೆ. ಆ ಎರಡು ಫಿನೈಲ್ ಇರಲಿ, ಇಲ್ಲದಿರಲಿ, ಎರಡನ್ನೂ ಮಾಡಿ ಹೋಲಿಸು. ಒಎಚ್‌ಗೆ ಮೀಥೈಲ್ ಹಾಕಿ ಮುಚ್ಚಿದ್ದನ್ನೂ ಒಂದು ಮಾಡು. ಅದು ಸೋತರೆ ಕೈ ಬೇಕಿತ್ತು ಅನ್ನುವುದು ನಿನ್ನ ಡೇಟಾದಲ್ಲೇ ಕಾಣುತ್ತೆ.

ಕೊನೆಬೆಂಚು:

ಅಣ್ಣಾ, ಬೋಕ್-ಪ್ರೋಲಿನ್ (ಸಾರಜನಕವನ್ನು ಮುಚ್ಚಿಟ್ಟ ಪ್ರೋಲಿನ್) ಅರ್ಧ ಬಾಟಲಿ ಇದೆ, ಲ್ಯೂಸಿನ್ ಮೀಥೈಲ್ ಎಸ್ಟರ್ ಇದೆ, ಬ್ರೋಮೋಬೆಂಜೀನ್ ಇದೆ. ಗುರುವಾರ ಮೆಗ್ನೀಸಿಯಂ ಬಳಸಿ ಫಿನೈಲ್ ಸೇರಿಸುವ ಗ್ರಿನ್ಯಾರ್ಡ್ ರಿಯಾಕ್ಷನ್ ಹಾಕುತ್ತೇನೆ. ಸ್ಯಾಂಪಲ್‌ಗಳನ್ನು ಒಂದೊಂದೇ ಕಳಿಸದೆ ಎಲ್ಲ ಒಟ್ಟಿಗೆ ಕಳಿಸುತ್ತೇನೆ.

ಟಿಎಲ್‌ಸಿ ತಾಯಮ್ಮ:

ಲ್ಯೂಸಿನ್ ಎಸ್ಟರ್ ಹೈಡ್ರೋಕ್ಲೋರೈಡ್ ಆಗಿದ್ದರೆ ಗ್ರಿನ್ಯಾರ್ಡ್ ಜಾಸ್ತಿಯೇ ಬೇಕು, ಅದರ ಆಮ್ಲ, ಎನ್‌ಎಚ್ ಎಲ್ಲ ಮೊದಲು ತಿಂದುಬಿಡುತ್ತವೆ. ಮಳೆ ಹಿಡಿದಿದೆ, ಮೆಗ್ನೀಸಿಯಂ ಚೂರುಗಳನ್ನು ಬುಧವಾರ ರಾತ್ರಿಯೇ ಓವನ್‌ಗೆ ಹಾಕಿಡು.