ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗೆ ಒಂದೇ ದಿನ: ಹೋಗಿಬಂದವರು ಹೇಳಿ

ಬಣ್ಣದ ಡಬ್ಬಿ:
ಮುಂದಿನ ತಿಂಗಳು ಒಂದು ಶನಿವಾರ ಬೆಳಗ್ಗೆ ರೈಲು ಎರ್ನಾಕುಲಂ ಮುಟ್ಟುತ್ತೆ, ರಾತ್ರಿ ಒಂಬತ್ತಕ್ಕೆ ವಾಪಸ್ ಬಸ್ಸು. ನಡುವಿನ ಹೊತ್ತು ಪೂರ್ತಿ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗೆ. ಜೊತೆಗೆ ಅಮ್ಮ (ಮಂಡಿನೋವು, ಮೆಟ್ಟಿಲು ಕಷ್ಟ), ಒಂಬತ್ತು ವರ್ಷದ ಮಗಳು (ಕೂತಲ್ಲೇ ಚಿತ್ರ ಬರೆಯುವವಳು). ಏನು ನೋಡಲಿ, ಏನು ಬಿಡಲಿ? ಮೂರು ಸಾವಿರದೊಳಗೆ ಮುಗಿದರೆ ಒಳ್ಳೇದು.

ಹಾಸನದ ಹಳಬ:
ಯಹೂದಿ ಬೀದಿಯಲ್ಲಿ ಏನೂ ಕೊಳ್ಳಬೇಡಿ. ಸಲಹೆ ಇಷ್ಟೇ. ಉಳಿದದ್ದು ನನ್ನ ಸಂಕಟ, ಬೇಕಾದವರು ಓದಿ.

ಅಲ್ಲೊಂದು ಹಳೇ ಸಾಮಾನಿನ ಅಂಗಡಿಯಲ್ಲಿ ಉಪ್ಪಿನಕಾಯಿ ಭರಣಿ ಕಂಡಿತು. ಮೇಲೆ ಕಂದು, ಕೆಳಗೆ ಕೆನೆಬಣ್ಣ, ನಮ್ಮಜ್ಜಿ ಅಟ್ಟದ ಮೇಲೆ ಇಟ್ಟಿದ್ದಂಥದ್ದೇ. 3,200 ಅಂದ. ಎದ್ದು ಹೊರಟೆ, 2,600 ಅಂದ. ಬೀದಿಯ ಕೊನೆವರೆಗೂ ಹೋಗಿ, 1760ರ ಆ ಗಡಿಯಾರ ಗೋಪುರವನ್ನು ಬಹಳ ಆಸಕ್ತಿ ಇರೋನ ಹಾಗೆ ಐದು ನಿಮಿಷ ದಿಟ್ಟಿಸಿ ವಾಪಸ್ ಬಂದೆ. 1,900ಕ್ಕೆ ಕುದುರಿತು. ಹುಲ್ಲು, ರಟ್ಟು, ಸುತಲಿ ದಾರ ಅಂತ 150. ಎರಡೂ ಕೈ ಭರಣಿಗೇ ಹೋದ್ದರಿಂದ ಜೆಟ್ಟಿಗೆ ಆಟೋ, 120. ಬಸ್ಸಲ್ಲಿ ಕಂಡಕ್ಟರ್ ಭರಣಿಗೂ ಲಗೇಜ್ ಹರಿದ, 90. ರಾತ್ರಿಯಿಡೀ ತೊಡೆ ಮೇಲೆ ಕೂಸಿನಂತೆ ಕೂರಿಸಿಕೊಂಡು ಬಂದೆ. ಮನೆ ಬೀಗ ತೆಗೆಯೋಕೆ ಅಂತ ಒಂದು ಕ್ಷಣ ಕೆಳಗಿಟ್ಟೆ ನೋಡಿ, ಹೊಸ್ತಿಲಿಗೆ ತಾಗಿ ಕತ್ತಿನಿಂದ ಬುಡದವರೆಗೆ ಸೀಳು. ಒಟ್ಟು 2,260. ಹೆಂಡತಿ ಮಗುಚಿ ನೋಡಿದರೆ ತಳದಲ್ಲಿ ಅರ್ಧ ಕಿತ್ತ ಫ್ಯಾಕ್ಟರಿ ಸ್ಟಿಕ್ಕರ್. ನೂರು ವರ್ಷ ಹಳೇದಂತೆ!

ಗೆರೆಗಿತ್ತಿ:
ಕೇಳಿದ್ದು ಏನು ನೋಡಬೇಕು ಅಂತ, ಏನು ಕೊಳ್ಳಬೇಕು ಅಂತಲ್ಲ. ಬಿನಾಲೆ, ಅಂದರೆ ಕೊಚ್ಚಿಯ ದೊಡ್ಡ ಕಲಾ ಪ್ರದರ್ಶನ, ನಡೀತಿದ್ದರೆ ಬೇರೆಲ್ಲ ಬಿಡಿ, ಅದೊಂದನ್ನೇ ನೋಡಿ. 2012ರ ಮೊದಲನೇದು ತಪ್ಪಿಹೋಯ್ತು, ಆಮೇಲೆ 2014, 16, 18, 22 ಯಾವುದೂ ಬಿಟ್ಟಿಲ್ಲ. 2016ರದ್ದಕ್ಕೆ ಕೃತಿಗಳನ್ನು ಆರಿಸಿದ ಕ್ಯುರೇಟರ್ ಮಂಗಳೂರಲ್ಲೇ ಹುಟ್ಟಿದ ಸುದರ್ಶನ್ ಶೆಟ್ಟಿ. ಆ ಸಲ ಬಿನಾಲೆ ನಡೆದ ಆಸ್ಪಿನ್‌ವಾಲ್ ಹೌಸಿನ ಒಂದು ಗೋದಾಮಿನ ತುಂಬ ಸಮುದ್ರದ ನೀರು ನಿಲ್ಲಿಸಿದ್ದರು. ಚಿಲಿಯ ಕವಿ ರೌಲ್ ಸುರೀತಾ ಮಾಡಿದ್ದು. ಸಿರಿಯಾ ಬಿಟ್ಟು ಬರುವಾಗ ಮುಳುಗಿದ ಗಾಲಿಪ್ ಕುರ್ದಿ ಎಂಬ ಹುಡುಗನಿಗೆ ಅರ್ಪಿಸಿದ್ದು. ಅವನ ತಮ್ಮ ದಡದಲ್ಲಿ ಮಕಾಡೆ ಬಿದ್ದಿದ್ದ ಫೋಟೋ ಲೋಕವೆಲ್ಲ ನೋಡಿತು, ಅಣ್ಣನ ಫೋಟೋ ಯಾರೂ ತೆಗೆದಿರಲಿಲ್ಲ. ಆ ನೀರಲ್ಲಿ ನಡೆದೇ ಆಚೆ ಗೋಡೆಯ ಸಾಲುಗಳನ್ನು ಓದಬೇಕು. ಹೊಸ ಚರ್ಮದ ಚಪ್ಪಲಿ, 1,450 ಕೊಟ್ಟದ್ದು, ಬಿಚ್ಚೋಕೆ ಮರೆತು ಇಳಿದೆ. ಉಪ್ಪುನೀರಿಗೆ ಎರಡೇ ದಿನದಲ್ಲಿ ಹಪ್ಪಳ. ಆ ಚಪ್ಪಲಿಯ ಬಗ್ಗೆ ಇವತ್ತಿಗೂ ಬೇಜಾರಿಲ್ಲ.

ಧಾರವಾಡದಾಂವ:
ನೀರು ತುಂಬಿದ ಗೋದಾಮು ನೋಡಾಕ ಕೊಚ್ಚಿತನಕಾ ಹೋಗಬೇಕೇನ್ರೀ ಅಕ್ಕಾರ? ಮಳಿಗಾಲದಾಗ ನಮ್ಮ ಓಣಿಗೆ ಬರ್ರಿ, ಪುಕ್ಕಟ ತೋರಸ್ತೀನಿ.

ನಾ ಹೋಗಿದ್ದು 2024ರ ಜನವರಿದಾಗ. ಮಂದಿ ಬಿನಾಲೆ ಬಿನಾಲೆ ಅಂದದ್ದು ಕೇಳಿ ಆಸ್ಪಿನ್‌ವಾಲ್ ಗೇಟಿಗೆ ಹೋಗಿ ನಿಂತರ ಕೀಲಿ. ಹಿಂದಿನ ಏಪ್ರಿಲ್‌ಕ್ಕ ಮುಗದಿತ್ತಂತ. ತಪ್ಪು ನಂದ, ಖರೆ. ಆದರ ಆ ಸಿಟ್ಟಿನ್ಯಾಗ ಮಟ್ಟಾಂಚೇರಿ ಅರಮನಿಗೆ ಹೋದೆ ನೋಡ್ರಿ, ಜನ್ಮ ಸಾರ್ಥಕ. ಮಂದಿ ಡಚ್ ಪ್ಯಾಲೇಸ್ ಅಂತಾರ. ಕಟ್ಟಿ ರಾಜಾಗ ಕೊಟ್ಟವರು ಪೋರ್ಚುಗೀಸರು, 1555ರ ಸುಮಾರು. ನೂರು ವರ್ಷದ ಮ್ಯಾಲೆ ಡಚ್ಚರು ಬಂದು ರಿಪೇರಿ ಮಾಡಿ ಹೆಸರು ಹೊಡಕೊಂಡರು. ರಾಜಾ ಮಲಗೋ ಕೋಣಿ ಗ್ವಾಡಿ ತುಂಬ ರಾಮಾಯಣ. ಒಬ್ಬರ ಭುಜದ ಹಿಂದ ಇನ್ನೊಬ್ಬರ ಕಣ್ಣು, ಬೊಟ್ಟು ಊರೂವಷ್ಟು ಜಾಗಾ ಖಾಲಿ ಬಿಟ್ಟಿಲ್ಲ. ಫೋಟೋ ತಗಿಯಾಂಗಿಲ್ಲ, ಹಿಂಗಾಗಿ ಕಣ್ಣಲೇ ನೋಡಿದೆ, ಒಂದೂವರಿ ತಾಸು. ಟಿಕೆಟ್ ಐದ ರೂಪಾಯಿ. ಚಪ್ಪಲಿ ಏನೂ ಆಗಲಿಲ್ಲ.

ಗೆರೆಗಿತ್ತಿ:
ಚಪ್ಪಲಿ ಹೋದದ್ದು ನನ್ನದು, ಉರಿ ನಿಮಗೆ. ಗೇಟ್ ತನಕ ಹೋಗಿ ಒಳಗೆ ಹೋಗದವರು ಒಳಗಿನದರ ಬಗ್ಗೆ ತೀರ್ಪು ಕೊಡೋದು ನೋಡಿ.

ಮಂಡ್ಯದ ಮೀಟರ್:
ಜಗಳ ಆಮೇಲೆ ಆಡ್ಕಳಿ. ಸ್ವಾಮಿ, ‘ನೂರು ರೂಪಾಯಿಗೆ ಊರೆಲ್ಲ ತೋರಿಸ್ತೀನಿ’ ಅನ್ನೋ ಆಟೋ ಹತ್ತಬೇಡಿ. ನಾವು ನಾಲ್ಕು ಜನ ಹತ್ತಿದ್ವಿ. ಸೇಂಟ್ ಫ್ರಾನ್ಸಿಸ್ ಚರ್ಚಿನ ಮುಂದೆ ಹತ್ತು ನಿಮಿಷ. ವಾಸ್ಕೋ ಡ ಗಾಮನ ಸಮಾಧಿ ಅಂತ ನಮ್ಮವರು ಕಲ್ಲಿಗೆ ಕೈ ಮುಗಿದರು. ಅವನು 1524ರಲ್ಲಿ ಸತ್ತ, ಮೂಳೆನ 1539ರಲ್ಲೇ ಪೋರ್ಚುಗಲ್ಲಿಗೆ ಹೊತ್ಕೊಂಡು ಹೋದರು, ಅಲ್ಲಿರೋದು ಬರೀ ಕಲ್ಲು. ಆಮೇಲೆ ಶುರು: ‘ಸುಮ್ನೆ ಐದು ನಿಮಿಷ ನೋಡಿ ಸಾರ್, ಕೊಳ್ಳೋದು ಬೇಡ, ನಂಗೆ ಕೂಪನ್ ಸಿಗುತ್ತೆ.’ ಒಟ್ಟು ಐದು ಅಂಗಡಿ. ಏಲಕ್ಕಿ 450, ಟೀ ಮಸಾಲೆ 280, ಏನೋ ಎಣ್ಣೆ 600, ಅತ್ತೆಗೊಂದು ಶಾಲು 1,100. ನೂರು ರೂಪಾಯಿ ಆಟೋ ನಮಗೆ ಬಿದ್ದದ್ದು 2,530. ಅರಮನೆ ಹತ್ರ ಇಳಿಸಿದಾಗ ಬಾಗಿಲು ಹಾಕ್ತಿದ್ರು. ಏಲಕ್ಕಿ ಒಳಗೆ ಬೀಜವೇ ಇರಲಿಲ್ಲ ಅನ್ನೋದು ಬೇರೆ ಕಥೆ.

ಹಾಸನದ ಹಳಬ:
ಏಲಕ್ಕಿ ನಾವು ಬೆಳೆಯೋರು. ಕೊಚ್ಚೀಲಿ ಯಾಕ್ರೀ ಕೊಂಡ್ರಿ?

ಮಂಡ್ಯದ ಮೀಟರ್:
ಉಪ್ಪಿನಕಾಯಿ ನಾವೂ ಹಾಕ್ತೀವಿ. ಭರಣಿ ಯಾಕ್ರೀ ಕೊಂಡ್ರಿ?

ಕೊಡಿಯಾಲದ ಮಾಮ:
ನಿಮ್ಮಲ್ಲಿ ಒಬ್ಬರೂ ನಮ್ಮ ಕೊಂಕಣಿಯವರ ಕೇರಿ ಚೆರಳಾಯಿ ಅನ್ನಲಿಲ್ಲವಲ್ಲ ಮಾರಾಯರೆ. ಅರಮನೆಯಿಂದ ನಡೆದು ಹೋಗುವಷ್ಟೇ ದೂರ. ಗೋವಾದಲ್ಲಿ ಪೋರ್ಚುಗೀಸರ ಕಾಟ ತಡೆಯದೆ ದೇವರನ್ನು ಕಟ್ಟಿಕೊಂಡು ಓಡಿದ ನಮ್ಮವರು ಬಂದು ಸೇರಿದ್ದು ಕೊಚ್ಚಿಗೆ. ಇಲ್ಲಿ ನೋಡಿದರೆ ಕೋಟೆ ಕಟ್ಟಿಕೊಂಡು ಕೂತವರೂ ಅದೇ ಪೋರ್ಚುಗೀಸರು! ಹಣೆಬರಹ ನೋಡಿ. ತಿರುಮಲ ದೇವಸ್ಥಾನದ ಹೊರಗೆ ಹೂ ಮಾರುವ ಅಜ್ಜಿ ಹತ್ತಿರ ನಾನು ಮಲಯಾಳದಲ್ಲಿ ತಡವರಿಸಿದೆ, ಅವರು ಕೊಂಕಣಿಯಲ್ಲಿ ಬೈದರು. ಕಣ್ಣಲ್ಲಿ ನೀರು ಬಂತು ಅಂದರೆ ನಂಬಬೇಕು. ಅದೇ ಮಟ್ಟಾಂಚೇರಿಯಲ್ಲಿ ಗುಜರಾತಿಗಳು, ಕಚ್ಚೀ ಮೇಮನ್ನರು, ತಮಿಳರು, ಎಲ್ಲ ಒಂದೇ ಗಂಜಿ ಪಾತ್ರೆಯ ಅಗುಳಿನ ಹಾಗೆ. ಮಾಂಗಾಟುಮುಕ್ಕಿನಲ್ಲಿ ಕಾಪ್ಪಿರಿ ಮುತ್ತಪ್ಪ ಅಂತ ಒಂದು ಸಣ್ಣ ಗುಡಿ ಉಂಟು. ಡಚ್ಚರು ನುಗ್ಗಿದಾಗ ಪೋರ್ಚುಗೀಸರು ನಿಧಿ ಹೂತು, ಕಾವಲಿಗೆ ಆಫ್ರಿಕಾದ ಗುಲಾಮರನ್ನೂ ಕೊಂದು ಹೂತರು ಅಂತ ಕಥೆ. ಈಗ ಆ ಗುಲಾಮನೇ ದೈವ. ಹರಕೆಗೆ ಚುಟ್ಟಾ ಇಡುತ್ತಾರೆ. ಭೂತಾರಾಧನೆಯ ಊರಿನ ನನಗೆ ಬಿನಾಲೆಗಿಂತ ಇದು ಹೆಚ್ಚು ತಾಗಿತು.

ಗೆರೆಗಿತ್ತಿ:
ಎಲ್ಲರಿಗೂ ಬಿನಾಲೆಯ ಮೇಲೇ ಕಣ್ಣು. ಅದು ಏನು ಮಾಡಿದೆ ನಿಮಗೆ?

ಕಡಲತಡಿಯವ:
ಸಂಜೆ ಕಥಕ್ಕಳಿಗೆ ಮಾತ್ರ ಹೋಗಬೇಡಿ. ತಲೆಗೆ 500ರಂತೆ ಮೂರು ಜನ, 1,500. ವೇಷ ಬರೆಯೋದು ತೋರಿಸ್ತೇವೆ ಅಂತ ಒಂದು ಗಂಟೆ ಕೂರಿಸಿದರು, ಆಟ ಇನ್ನೊಂದು ಗಂಟೆ. ಒಂದು ಮಾತಿಲ್ಲ! ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನಿಗೆ ಅರ್ಥಗಾರಿಕೆ ಇಲ್ಲದ ಆಟ ಉಪ್ಪಿಲ್ಲದ ಸಾರು.

ಗೆರೆಗಿತ್ತಿ:
ಅದು ಪ್ರವಾಸಿಗರಿಗೆ ಅಂತ ಕತ್ತರಿಸಿದ್ದು. ನಿಜವಾದ ಕಥಕ್ಕಳಿಯೂ ರಾತ್ರಿಯಿಡೀ ನಡೆಯುತ್ತೆ. ಮಾತಿಲ್ಲ ಅನ್ನೋರು ಮುದ್ರೆ ಕಲಿಯಬೇಕು. ಚುಟ್ಟಿ ಕಟ್ಟುವಾಗ ಕಲಾವಿದ ನೆಲದ ಮೇಲೆ ಅಂಗಾತ ಮಲಗಿರ್ತಾನೆ, ಕೆನ್ನೆ ಸುತ್ತ ಅಕ್ಕಿಹಿಟ್ಟಿನ ಅಂಟಿನಿಂದ ಕಾಗದ ನಿಲ್ಲಿಸ್ತಾರೆ. ಕಣ್ಣು ಕೆಂಪಾಗೋಕೆ ರೆಪ್ಪೆಯೊಳಗೆ ಚುಂಡ ಅನ್ನೋ ಗಿಡದ ಬೀಜ ಇಡ್ತಾರೆ. ನಾನು ಅದನ್ನು ಬರೆಯುತ್ತ ಕೂತು ಆಟ ಶುರುವಾದದ್ದೇ ಗೊತ್ತಾಗಲಿಲ್ಲ.

ಕಡಲತಡಿಯವ:
ಚುಟ್ಟಿ ಅಂದರೇನು ಅಂತ ನಮಗೆ ಹೇಳಿಕೊಡ್ತೀರಾ? ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಡೋದನ್ನು ಚೌಕಿಯಲ್ಲಿ, ಆ ವೇಷ ಕಟ್ಟುವ ಕೋಣೆಯಲ್ಲೇ, ಕೂತು ನೋಡಿದವ ನಾನು.

ಕೊಡಿಯಾಲದ ಮಾಮ:
ಹಾಗಾದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತಲೂ ಹೇಳಿಬಿಡಿ, ಇವತ್ತು ರಾತ್ರಿಗೆ ಅದೇ ಆಟ ಆಗಲಿ.

ದೋಣಿಪ್ರಿಯ:
ಒಂದು ಮಾತು. ಎರ್ನಾಕುಲಂ ಬೋಟ್ ಜೆಟ್ಟಿಯಿಂದ ಸರ್ಕಾರಿ ದೋಣಿಗೆ ನಾನು ಕೊಟ್ಟದ್ದು ಆರು ರೂಪಾಯಿ. ಹೈಕೋರ್ಟ್ ಹತ್ತಿರದ ವಾಟರ್ ಮೆಟ್ರೋಗೆ ನಲವತ್ತು. ಏಸಿ ಬೇಕು ಅಂತ ತಂಗಿ ಹಟ ಹಿಡಿದು ಅದಕ್ಕೆ ಹತ್ತಿಸಿದಳು. ಸಾಲಲ್ಲಿ ಐವತ್ತು ನಿಮಿಷ. ಗಾಜು ಮುಚ್ಚಿದ ದೋಣಿ, ಗಾಳಿಯಿಲ್ಲ, ದಡದಲ್ಲಿ ಮರಕ್ಕೆ ಕಟ್ಟಿದ ಚೀನೀ ಮೀನುಬಲೆ ಎದುರು ಬಂದಾಗ ಗಾಜಿನಲ್ಲಿ ಕಂಡದ್ದು ನನ್ನದೇ ಮುಖ.

ಮಂಡ್ಯದ ಮೀಟರ್:
ಬಲೆ ಹತ್ರ ಹೋದರೆ ಹಗ್ಗ ಎಳೀರಿ ಅಂತಾರೆ, ಎಳೆದಮೇಲೆ ದುಡ್ಡು ಕೇಳ್ತಾರೆ. ನಂದು ಇನ್ನೂರು ಹೋಯ್ತು.

ಕೊಡಿಯಾಲದ ಮಾಮ:
ನಾಲ್ಕೈದು ಜನ ಸೇರಿ ಕಲ್ಲು ಕಟ್ಟಿದ ಆ ಮರ ಎತ್ತಿದರೆ ಒಮ್ಮೊಮ್ಮೆ ಮೇಲೆ ಬರುವುದು ಒಂದು ಮುಷ್ಟಿಯಷ್ಟು ಮೀನು. ಇನ್ನೂರು ಕೊಟ್ಟದ್ದಕ್ಕೆ ಅಳಬೇಡಿ.

ಸುಮ್ಮನೆ ಓದುವವಳು:
ಶನಿವಾರ ಯಹೂದಿ ಬೀದಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಮುಚ್ಚಿರುತ್ತೆ. ಅವರ ಸಬ್ಬತ್, ವಾರದ ವಿಶ್ರಾಂತಿ ದಿನ. ಯಾರೂ ಹೇಳಲಿಲ್ಲ, ಅದಕ್ಕೆ ಬರೆದೆ.

ಬಣ್ಣದ ಡಬ್ಬಿ:
ಅಯ್ಯೋ. ಅದರ ನೆಲಕ್ಕೆ ಚೀನಾದಲ್ಲಿ ಕೈಯಿಂದ ಬರೆದ ನೀಲಿ ಹೆಂಚುಗಳಂತೆ, ಒಂದರ ಹಾಗೆ ಇನ್ನೊಂದಿಲ್ಲವಂತೆ, ಅದನ್ನು ಬರೆಯಬೇಕು ಅಂತಲೇ ಮಗಳು ನೀಲಿ ಪೆನ್ಸಿಲ್ ಚೂಪು ಮಾಡಿಟ್ಟಿದ್ದಾಳೆ. ಶನಿವಾರ ಅಂತ ಮೊದಲ ಸಾಲಲ್ಲೇ ಬರೆದಿದ್ದೆನಲ್ಲ?

ಧಾರವಾಡದಾಂವ:
ಶುಕ್ರವಾರ ಹೋಗೂದಾದರ ಅರಮನಿ ಬಂದ್. ಎರಡೂ ಬೇಕಂದರ ಬ್ಯಾರೆ ದಿನ ನೋಡ್ರಿ. ಮತ್ತ ಅರಮನಿ ಚಿತ್ರ ಇರೂದು ಮಾಳಗಿ ಮ್ಯಾಲೆ, ಮೆಟ್ಟಲಾ ಅದಾವ, ಅವ್ವಗ ತ್ರಾಸ ಆಕ್ಕೈತಿ.

ಬಣ್ಣದ ಡಬ್ಬಿ:
ಟಿಕೆಟ್ ಆಗಿಹೋಗಿದೆ. ಅಮ್ಮನನ್ನು ಎಲ್ಲಿ ಕೂರಿಸಲಿ, ಅದಾದರೂ ಹೇಳಿ.

ಗೆರೆಗಿತ್ತಿ:
ಪೆರೇಡ್ ಮೈದಾನದ ಸುತ್ತ ಮಳೆಮರದ ನೆರಳು. ಹುಡುಗರು ಚೆಂಡಾಡ್ತಿರ್ತಾರೆ, ಮಗಳು ಅವರನ್ನೇ ಬರೀಲಿ. ನಾನೂ ಮೊದಲ ಸಲ ಹೋದಾಗ ಎಲ್ಲದಕ್ಕೂ ಸುಸ್ತಾಗಿ ಅಲ್ಲೇ ಕೂತಿದ್ದು. ಇನ್ನೊಂದು, ಕಡಲತಡಿಯವರೆ, ಚೌಕಿಯ ಮಾತು ನಾನಿನ್ನೂ ಬಿಟ್ಟಿಲ್ಲ.

ಹಾಸನದ ಹಳಬ:
ಯಾರೋ ಖಾಸಗಿಯಾಗಿ ಕೇಳಿದ್ದಾರೆ: ಇಲ್ಲ, ಭರಣಿ ಬಿಸಾಕಿಲ್ಲ. ಸೀಳನ್ನು ಗೋಡೆ ಕಡೆ ತಿರುಗಿಸಿ ಛತ್ರಿ ಇಟ್ಟಿದ್ದೀನಿ. ಬಂದವರೆಲ್ಲ ಎಷ್ಟು ಹಳೇದು ಅಂತ ಕೇಳ್ತಾರೆ.