ಬೆಂಕಿ ಬಿದ್ದ ಕಾಡಲ್ಲಿ ಲಂಟಾನ ಯಾಕೆ ಸಾಯಲಿಲ್ಲ?

ಪ್ರಶ್ನೆ: 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆ ಅಲ್ವಾ? ಮೊನ್ನೆ ಅಲ್ಲಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ದಾರಿಯಲ್ಲಿ ಎದೆಮಟ್ಟ ಲಂಟಾನ ಕಳೆಪೊದೆ. ಹುಲ್ಲೇ ಕಾಣಲಿಲ್ಲ. ಬೆಂಕಿಗೆ ಇದೂ ಸಾಯಬೇಕಿತ್ತಲ್ಲ?

ಉತ್ತರ 1: ಸಾಯಲ್ಲ. ಮೇಲಿನ ಕಡ್ಡಿ ಸುಟ್ಟರೂ ಬುಡ ಚಿಗುರುತ್ತದೆ. ಹಣ್ಣು ತಿಂದ ಪಿಕಳಾರ ಹಕ್ಕಿ ಬೀಜ ಬಿತ್ತುತ್ತದೆ. ಮೇಲೆ ನೆರಳು ತಪ್ಪಿದ್ದರೆ ಇನ್ನೂ ಜೋರು.

ಉತ್ತರ 2: ನಮ್ಮೂರು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿದೆ. ಎಲ್ಲ ಬೆಂಕಿಯೂ ಒಂದೇ ಅಲ್ಲ. ಇಲ್ಲಿನ ಕಾಡಿನ ಬುಡಕಟ್ಟು ಜನ ಸೋಲಿಗರು ಹಿಂದೆ 'ತರಗು ಬೆಂಕಿ' ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ನೆಲದ ತರಗೆಲೆಗೆ ಮಾತ್ರ. ಸಣ್ಣ ಉರಿ, ಬೇಗ ಆರುತ್ತಿತ್ತು. ಲಂಟಾನ ಸಸಿಯಲ್ಲೇ ಸುಟ್ಟುಹೋಗುತ್ತಿತ್ತು, ಮಳೆ ಬಿದ್ದರೆ ಹುಲ್ಲು ಏಳುತ್ತಿತ್ತು. ನೆಲ್ಲಿಮರಕ್ಕೆ ಹತ್ತಿ ಅದರ ರಸ ಹೀರುವ ಬದನಿಕೆ ಗಿಡವೂ ಕಮ್ಮಿ ಇತ್ತು ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ನಮ್ಮ ಬೆಟ್ಟದ ಕಾಡು ಅಭಯಾರಣ್ಯ ಆಯಿತು, ಆಮೇಲೆ ತರಗು ಬೆಂಕಿ ನಿಂತೇಹೋಯಿತು. ಈಗ ಲಂಟಾನ ಪೊದೆ ಮರದ ಮೇಲೇ ಹತ್ತಿದೆ. ಕಿಡಿ ಬಿದ್ದರೆ ಉರಿ ಏಣಿ ಹತ್ತಿದ ಹಾಗೆ ಕೊಂಬೆಗೆ ಹೋಗುತ್ತದೆ. ಬೆಂಕಿ ನಿಲ್ಲಿಸಿದ್ದೇ ದೊಡ್ಡ ಬೆಂಕಿಗೆ ಸೌದೆ ಒಟ್ಟಿದ ಹಾಗಾಯಿತು ಅನ್ನೋದು ನನ್ನ ಲೆಕ್ಕ.

ಪ್ರಶ್ನೆ ಕೇಳಿದವರು: ಹಾಗಾದರೆ ಬೇರುಸಮೇತ ಕಿತ್ತರೆ?

ಉತ್ತರ 2: ಕಿತ್ತು, ಮತ್ತೆ ಎರಡು-ಮೂರು ಮಳೆಗಾಲ ಸಸಿ ಕೀಳಬೇಕು. ಸುಮ್ನೆ ಒಂದು ಸಲ ಕಿತ್ತು ಬಂದರೆ ಕೂಲಿ ದಂಡ. ಕಿತ್ತ ಲಂಟಾನದ ಕಡ್ಡಿ ಎಸೆಯಬೇಡಿ, ಮಲೆ ಮಹದೇಶ್ವರ ಬೆಟ್ಟದ ಕಡೆ ಅದರಲ್ಲೇ ಕುರ್ಚಿ ಮಾಡುತ್ತಾರೆ. ನಮ್ಮ ಜಗುಲಿಯಲ್ಲೂ ಒಂದಿದೆ.